ಖಾಲಿ ಮನೆಗೆ ವಿಮೆ ಏಕೆ ಎನ್ನುವವರಿಗೆ

ಬಾಡಿಗೆಗೆ ಕೊಟ್ಟ ಮನೆಗೆ ಇನ್ಶೂರೆನ್ಸ್ ಮಾಡಿಸಿದ್ದೀರಾ ಎಂದು ಯಾವ ಮಾಲೀಕರನ್ನು ಬೇಕಾದರೂ ಕೇಳಿ. ‘ಒಳಗೆ ನಮ್ಮದು ಒಂದು ಚಮಚವೂ ಇಲ್ಲ, ಖಾಲಿ ಮನೆ ಕೊಟ್ಟಿದ್ದೀವಿ, ಅದಕ್ಯಾಕೆ ಇನ್ಶೂರೆನ್ಸು?’ ಎಂಬ ಉತ್ತರ ಥಟ್ಟನೆ ಬರುತ್ತದೆ. ತಾಳವಾಡಿ ಬೆಟ್ಟದಿಂದ ಹಿಡಿದು ಮೈಸೂರಿನ ಬಡಾವಣೆಗಳವರೆಗೆ ಈ ಮಾತು ಲೋಕಾರೂಢಿಯಾಗಿದೆ. ಇದಕ್ಕೆ ಎದುರಾಗಿ ವಿಮೆ ಮಾರುವವರ ಮಾತೊಂದಿದೆ: ‘ಕಟ್ಟಡ, ಸಾಮಾನು ಎರಡಕ್ಕೂ ಸೇರಿಸಿ ಮಾಡಿಸಿಬಿಡಿ ಸಾರ್, ಕಂತಿನಲ್ಲಿ ಹೆಚ್ಚು ವ್ಯತ್ಯಾಸ ಬರಲ್ಲ, ನೆಮ್ಮದಿಯಾಗಿರಬಹುದು.’ ಎರಡೂ ತಪ್ಪು ಎಂಬುದು ನನ್ನ ವಾದ. ಖಾಲಿ ಮನೆ ಕೊಟ್ಟವರಿಗೆ ಒಳಗಿನ ಸಾಮಾನಿನ ವಿಮೆ ಬೇಕಿಲ್ಲ ಎನ್ನುವ ಮಟ್ಟಿಗೆ ಮಾಲೀಕರು ಸರಿ. ಆದರೆ ಅಷ್ಟನ್ನೇ ಹಿಡಿದುಕೊಂಡು ಯಾವ ವಿಮೆಯೂ ಬೇಡ ಎಂಬಲ್ಲಿಗೆ ಅವರು ಹಾರುತ್ತಾರೆ. ಆ ಹಾರಿಕೆಯಿಂದ ಕಷ್ಟಕ್ಕೆ ಸಿಕ್ಕುವವರು ಅವರೊಬ್ಬರೇ ಅಲ್ಲ, ಅವರ ಮನೆಯಲ್ಲಿರುವ ಬಾಡಿಗೆದಾರರೂ ಹೌದು.

ಈ ಮಾತನ್ನು ತಾಳವಾಡಿ ಭಾಗದ ಗುಮಟಾಪುರದಂಥ ಊರನ್ನು ಮುಂದಿಟ್ಟುಕೊಂಡು ಆಡುವುದಕ್ಕೆ ಕಾರಣವಿದೆ. ದೀಪಾವಳಿ ಮುಗಿದ ಮೇಲೆ ಬೀರೇಶ್ವರನ ಹೆಸರಿನಲ್ಲಿ ಸಗಣಿ ಎರಚಾಡುವ ಗೊರೆಹಬ್ಬದಿಂದಾಗಿ ಹೊರಗಿನವರಿಗೆ ಈ ಊರಿನ ಹೆಸರು ಗೊತ್ತು. 1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿದಾಗ ತಾಳವಾಡಿ ಭಾಗ ಮದರಾಸು ರಾಜ್ಯದಲ್ಲೇ ಉಳಿಯಿತು. ಇಂದು ಅದು ತಮಿಳುನಾಡಿನ ಈರೋಡ್ ಜಿಲ್ಲೆಯ ಒಂದು ತಾಲ್ಲೂಕು. ಮನೆಮಾತು ಕನ್ನಡ, ಪಟ್ಟಾ ಮತ್ತು ಮನೆ ಕಂದಾಯದ ರಸೀದಿ ತಮಿಳು, ವಿಮೆಯ ಪಾಲಿಸಿ ಇಂಗ್ಲಿಷು. ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು. ಚಾಮರಾಜನಗರ ಅದಕ್ಕಿಂತ ಹತ್ತಿರ. ಗುಮಟಾಪುರ ಫ್ಲ್ಯಾಟುಗಳ ಊರಲ್ಲ. ಆದರೂ ಬಾಡಿಗೆಯ ಸಂಬಂಧ ಇಲ್ಲಿಯವರಿಗೆ ಹೊಸದಲ್ಲ. ತಾಲ್ಲೂಕು ಕೇಂದ್ರದಲ್ಲಿ ಮೇಷ್ಟರಿಗೋ ನರ್ಸಮ್ಮನಿಗೋ ಬಾಡಿಗೆಗೆ ಕೊಟ್ಟ ತಾರಸಿ ಮನೆ, ಊರಿನಲ್ಲೇ ಅಪ್ಪ ಕಟ್ಟಿಸಿದ ಹೆಂಚಿನ ಮನೆ, ಮಕ್ಕಳು ಮೈಸೂರು ಬೆಂಗಳೂರಿನಲ್ಲಿ ಸಾಲ ಮಾಡಿ ಕೊಂಡ ಎರಡು ಕೋಣೆಯ ಫ್ಲ್ಯಾಟು – ಇವೆಲ್ಲವೂ ಬಾಡಿಗೆಯ ಲೋಕಕ್ಕೇ ಸೇರಿದವು. ಕಾನೂನು, ಪಾಲಿಸಿ, ಪರಿಹಾರ ಮೂರೂ ಮೂರು ಕಡೆಯಿಂದ ಬರುವ ಗಡಿನಾಡಿನಲ್ಲಿ ಲೆಕ್ಕ ತಪ್ಪಿದರೆ ಸರಿಮಾಡಿಕೊಳ್ಳುವುದು ಕಷ್ಟ.

ಈ ಬೆಟ್ಟದ ರೈತರಿಗೆ ವಿಮೆ ಎಂಬುದು ಅರಿಯದ ವಿಷಯವೇನಲ್ಲ. ಸಾಲ ಮಾಡಿ ತಂದ ಹಸುವಿಗೆ ವಿಮೆ ಮಾಡಿಸಿ ಕಿವಿಗೆ ಓಲೆ ಹಾಕಿಸುತ್ತಾರೆ. ಹಸುವಿನ ಮುಂದೆ ಹಾಕಿದ ಹುಲ್ಲಿಗೆ ಯಾರೂ ವಿಮೆ ಮಾಡಿಸುವುದಿಲ್ಲ. ಹುಲ್ಲು ಕಡಿಮೆಯಿದೆ, ಆದ್ದರಿಂದ ಹಸುವಿಗೂ ವಿಮೆ ಬೇಡ ಎಂದೂ ಯಾರೂ ಹೇಳುವುದಿಲ್ಲ. ಮನೆಯ ವಿಚಾರಕ್ಕೆ ಬಂದಾಗ ಮಾತ್ರ ಒಳಗೇನೂ ಇಲ್ಲವೆಂದು ಮನೆಯನ್ನೇ ಲೆಕ್ಕದಿಂದ ಬಿಡುತ್ತೇವೆ.

ಮೊದಲು ವಿಮೆ ಮಾರುವವರ ಮಾತನ್ನು ಪರೀಕ್ಷಿಸೋಣ. 2021ರ ಏಪ್ರಿಲ್ 1ರಿಂದ ದೇಶದ ಸಾಮಾನ್ಯ ವಿಮಾ ಕಂಪನಿಗಳು ‘ಭಾರತ್ ಗೃಹ ರಕ್ಷಾ’ ಎಂಬ ಪ್ರಮಾಣಿತ ಪಾಲಿಸಿಯನ್ನು ಕೊಡುತ್ತಿವೆ. ಯಾವ ಕಂಪನಿಯಲ್ಲಿ ಕೊಂಡರೂ ಮೂಲ ಒಕ್ಕಣೆ ಒಂದೇ ಇರಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ಮಾಡಿದ ಏರ್ಪಾಡಿದು. ಬೆಂಕಿ, ಸಿಡಿತ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ಭೂಕುಸಿತ, ಕಾಳ್ಗಿಚ್ಚು, ಗಲಭೆ, ನೀರಿನ ಟ್ಯಾಂಕು ಅಥವಾ ಪೈಪು ಒಡೆದು ಆಗುವ ಹಾನಿ ಇದರೊಳಗೆ ಬರುತ್ತವೆ. ಕಟ್ಟಡಕ್ಕೆ ಮಾತ್ರ, ಸಾಮಾನಿಗೆ ಮಾತ್ರ, ಅಥವಾ ಎರಡಕ್ಕೂ – ಹೀಗೆ ಮೂರು ಬಗೆಯಲ್ಲಿ ಇದನ್ನು ಕೊಳ್ಳಬಹುದು. ಎರಡನ್ನೂ ಆರಿಸಿಕೊಂಡರೆ ಕಟ್ಟಡದ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಯವರೆಗೆ, ಸಾಮಾನಿಗೆ ತಾನಾಗಿಯೇ ರಕ್ಷಣೆ ಸಿಗುತ್ತದೆ. ಪಟ್ಟಿ ಕೊಡಬೇಕಿಲ್ಲ, ಬೆಲೆ ಹೇಳಬೇಕಿಲ್ಲ.

ಸ್ವಂತ ಮನೆಯಲ್ಲಿ ಬಾಳುವವರಿಗೆ ಇದು ಒಳ್ಳೆಯ ಅನುಕೂಲ. ಖಾಲಿ ಮನೆ ಕೊಟ್ಟವರಿಗೆ ಇದರಿಂದ ಏನು ಸಿಕ್ಕಿತು? 16 ಲಕ್ಷದ ಕಟ್ಟಡಕ್ಕೆ 3 ಲಕ್ಷ 20 ಸಾವಿರದ ಸಾಮಾನಿನ ರಕ್ಷಣೆ ಕಾಗದದಲ್ಲಿ ಬಂತು. ಮನೆಯೊಳಗಿರುವುದು ಮಾತ್ರ ಬಾಡಿಗೆದಾರರ ಸಾಮಾನು. ಅವರ ಮಂಚ, ಫ್ರಿಜ್ಜು, ಬಟ್ಟೆಬರೆ ಸುಟ್ಟುಹೋದರೆ ಮಾಲೀಕರ ಪಾಲಿಸಿ ಒಂದು ಪೈಸೆ ಕೊಡದು. ತನ್ನದಲ್ಲದ, ಹಾಳಾದರೆ ತನಗೆ ನಷ್ಟವಾಗದ ವಸ್ತುವಿಗೆ ವಿಮೆಯ ಹಣ ಕೇಳಲಾಗದು ಎಂಬುದು ವಿಮೆಯ ಮೂಲ ನಿಯಮ. ಕಂತು ಕಟ್ಟಿದವರ ಸಾಮಾನು ಒಳಗಿಲ್ಲ, ಒಳಗೆ ಸಾಮಾನಿರುವವರ ಹೆಸರು ಪಾಲಿಸಿಯಲ್ಲಿಲ್ಲ.

ಮನೆ ಪೂರ್ತಿ ಖಾಲಿಯೇನಲ್ಲವಲ್ಲ, ಫ್ಯಾನು, ಗೀಸರು, ಟ್ಯೂಬ್‌ಲೈಟು ನಾವೇ ಹಾಕಿಸಿದ್ದೇವಲ್ಲ ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಪಾಲಿಸಿಯ ಒಕ್ಕಣೆಯಲ್ಲಿ ಇದಕ್ಕೆ ಉತ್ತರ ಹುಡುಕಬೇಕು. ನೆಲಕ್ಕೆ, ಗೋಡೆಗೆ, ಸೂರಿಗೆ ಶಾಶ್ವತವಾಗಿ ಕೂರಿಸಿದ ಜೋಡಣೆಗಳು ಕಟ್ಟಡದ ಭಾಗವೆಂದೇ ಎಣಿಕೆ. ಕಮೋಡು, ಸಿಂಕು, ವೈರಿಂಗು ಅದರಲ್ಲಿ ಬಂದವು. ಕಾಂಪೌಂಡು, ಗೇಟು, ಕಟ್ಟಿದ ನೀರಿನ ತೊಟ್ಟಿ, ಸೆಪ್ಟಿಕ್ ಟ್ಯಾಂಕು ಕೂಡ ಕಟ್ಟಡದೊಂದಿಗೇ ಸೇರುತ್ತವೆ. ಗೋಡೆಗೆ ಹಾಕಿದ ವಿದ್ಯುತ್ ಉಪಕರಣ ಸಾಮಾನಿನ ವ್ಯಾಖ್ಯೆಯೊಳಗೂ ಬರುತ್ತದೆ. ಸೋಲಾರ್ ಫಲಕ ಎರಡು ಕಡೆಯೂ ಸಲ್ಲುತ್ತದೆ. ಹಾಗಾಗಿ ಗೀಸರು, ಸೋಲಾರು ಯಾವ ಕಡೆ ಎಂದು ಪಾಲಿಸಿ ಕೊಳ್ಳುವಾಗಲೇ ಕೇಳಿ ಬರೆಸಿಕೊಳ್ಳಬೇಕು. ಅಷ್ಟು ಮಾಡಿದರೆ ಸಾಕು. ಅದಕ್ಕಾಗಿ ಸಾಮಾನಿನ ವಿಮೆಯನ್ನೇ ಕೊಳ್ಳುವುದು ದಂಡ.

ದಂಡ ಎನ್ನಲು ಇನ್ನೂ ಗಟ್ಟಿಯಾದ ಕಾರಣವಿದೆ. ಗೀಸರು ಸುಟ್ಟುಹೋಗುವುದು ಬಹುಮಟ್ಟಿಗೆ ಶಾರ್ಟ್ ಸರ್ಕ್ಯೂಟಿನಿಂದ, ವೋಲ್ಟೇಜಿನ ಏರಿಳಿತದಿಂದ. ಶಾರ್ಟ್ ಸರ್ಕ್ಯೂಟಿನಿಂದ ಯಾವ ಉಪಕರಣ ಕೆಟ್ಟಿತೋ ಆ ಉಪಕರಣಕ್ಕೇ ಇಂಥ ಪಾಲಿಸಿಗಳು ಹಣ ಕೊಡುವುದಿಲ್ಲ. ಅಲ್ಲಿಂದ ಬೆಂಕಿ ಹಬ್ಬಿ ಬೇರೆಯದು ಸುಟ್ಟರೆ ಅದಕ್ಕೆ ಕೊಡುತ್ತವೆ. ಅಂದರೆ ಗೀಸರಿಗೆಂದು ಮಾಡಿಸಿದ ವಿಮೆ ಗೀಸರಿಗೇ ಉಪಯೋಗಕ್ಕೆ ಬರುವುದು ಅಪರೂಪ.

ಇನ್ನು ಕಳ್ಳತನ. ಒಬ್ಬ ಬಾಡಿಗೆದಾರರು ಬಿಟ್ಟು ಇನ್ನೊಬ್ಬರು ಬರುವ ನಡುವೆ ಮನೆಗೆ ಬೀಗ ಬಿದ್ದಿರುತ್ತದೆ. ಆಗ ನಲ್ಲಿ, ತಾಮ್ರದ ತಂತಿ, ಮೋಟಾರು ಕಿತ್ತೊಯ್ಯುತ್ತಾರೆ ಎಂಬ ಭಯ ಮಾಲೀಕರಿಗೆ ಸಹಜ. ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಕಳ್ಳತನಕ್ಕೆ ರಕ್ಷಣೆಯಿರುವುದು ಬೆಂಕಿ, ಪ್ರವಾಹದಂಥ ಘಟನೆ ನಡೆದ 7 ದಿನಗಳೊಳಗೆ, ಅದರ ಕಾರಣದಿಂದಾದ ಕಳ್ಳತನಕ್ಕೆ ಮಾತ್ರ. ಮಾಮೂಲಿ ಕಳ್ಳತನ ಅದರಲ್ಲಿಲ್ಲ. ಅದು ಬೇಕಿದ್ದರೆ ಕನ್ನಗಳವಿನ ರಕ್ಷಣೆಯನ್ನು ಬೇರೆಯಾಗಿಯೇ ಕೇಳಿ ಪಡೆಯಬೇಕು. ಸಾಮಾನಿನ ವಿಮೆಯಿದ್ದರೆ ಕಳ್ಳರ ಭಯವಿಲ್ಲ ಎಂದು ನಂಬಿ ಕಂತು ಕಟ್ಟುವವರು ಕಳ್ಳತನವಾದ ದಿನವೇ ಸತ್ಯವನ್ನು ತಿಳಿಯುವಂತಾಗಬಾರದು.

ಹೀಗೆ ಲೆಕ್ಕ ಹಾಕಿದರೆ ಮಾಲೀಕರ ಮಾತಿನ ಮೊದಲರ್ಧ ನಿಲ್ಲುತ್ತದೆ. ಒಂದು ಉದಾಹರಣೆ ಇಟ್ಟುಕೊಳ್ಳೋಣ. 800 ಚದರಡಿಯ ತಾರಸಿ ಮನೆ, ಚದರಡಿಗೆ 2,000 ರೂಪಾಯಿಯ ಕಟ್ಟುವ ಖರ್ಚು, ಒಟ್ಟು 16 ಲಕ್ಷ. ಅದರೊಳಗೆ ಮಾಲೀಕರ ಗೀಸರು, ಮೂರು ಫ್ಯಾನು, ದೀಪಗಳು ಸೇರಿ 20 ಸಾವಿರ. ನೂರು ರೂಪಾಯಿಯಲ್ಲಿ ಒಂದೂಕಾಲು ರೂಪಾಯಿ. ಈ ಒಂದೂಕಾಲು ರೂಪಾಯಿಯ ನಷ್ಟವನ್ನು ಯಾವ ಮಾಲೀಕರೂ ತಾವೇ ತಾಳಿಕೊಳ್ಳಬಲ್ಲರು. ತಾಳಿಕೊಳ್ಳಬಹುದಾದ ನಷ್ಟಕ್ಕೆ ವಿಮೆ ಬೇಕಿಲ್ಲ, ತಾಳಿಕೊಳ್ಳಲಾಗದ್ದಕ್ಕೆ ಬೇಕು. ಉಳಿದ 98 ರೂಪಾಯಿ 75 ಪೈಸೆಯ ವಿಷಯ ಏನು ಎಂಬುದಕ್ಕೆ ‘ಖಾಲಿ ಮನೆ’ ಎನ್ನುವವರು ಉತ್ತರ ಕೊಡಬೇಕು.

ಅವರು ಕೊಡುವ ಉತ್ತರಗಳಲ್ಲಿ ಮೊದಲನೆಯದು ಅಡ್ವಾನ್ಸು. ‘ಏನಾದರೂ ಹಾಳಾದರೆ ಅಡ್ವಾನ್ಸಿನಲ್ಲಿ ಮುರಿದುಕೊಂಡರಾಯಿತು.’ ಬಾಡಿಗೆದಾರರ ಮಗು ಗೋಡೆಗೆ ಬಣ್ಣ ಬಳಿದರೆ, ಕಿಟಕಿಯ ಗಾಜು ಒಡೆದರೆ ಈ ಮಾತು ನಡೆದೀತು. ಬಿರುಗಾಳಿಗೆ ಶೀಟು ಹಾರಿಹೋದರೆ? 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೆಯ ಕಲಮು ಗಡಿಯ ಎರಡೂ ಬದಿಗೆ ಒಂದೇ. ಮನೆಯನ್ನು ಪಡೆದಾಗ ಇದ್ದ ಸ್ಥಿತಿಯಲ್ಲೇ ಬಾಡಿಗೆದಾರರು ಹಿಂತಿರುಗಿಸಬೇಕು ಎಂದು ಅದು ಹೇಳುತ್ತದೆ. ಆದರೆ ಬಳಕೆಯಿಂದಾದ ಸವೆತವನ್ನೂ ತಡೆಯಲಾಗದ ಶಕ್ತಿಯಿಂದಾದ ಹಾನಿಯನ್ನೂ ಹೊರಗಿಡುತ್ತದೆ. ಗಾಳಿ, ಮಳೆ, ಸಿಡಿಲಿನ ಹಾನಿ ಮಾಲೀಕರದೇ. ಅಡ್ವಾನ್ಸು ಬಾಡಿಗೆದಾರರ ದುಡ್ಡು. ನಮ್ಮ ಕೈಯಲ್ಲಿರುವುದು ಇರಿಸಿಕೊಳ್ಳಲು ಮಾತ್ರ.

ಅದೇ ಕಲಮಿನ ಇನ್ನೊಂದು ಮಾತನ್ನು ಮಾಲೀಕರು ಗಮನವಿಟ್ಟು ಓದಬೇಕು. ಬೆಂಕಿ, ಬಿರುಗಾಳಿ, ನೆರೆ ಅಥವಾ ಗುಂಪಿನ ಹಿಂಸೆಯಿಂದ ಮನೆಯ ಮುಖ್ಯ ಭಾಗ ನಾಶವಾದರೆ, ಅಥವಾ ಬಾಳಲು ಬಹುಮಟ್ಟಿಗೆ, ಶಾಶ್ವತವಾಗಿ ಅಯೋಗ್ಯವಾದರೆ, ಬಾಡಿಗೆದಾರರು ಇಷ್ಟಪಟ್ಟಲ್ಲಿ ಕರಾರು ಅಲ್ಲಿಗೇ ಮುಗಿಯುತ್ತದೆ. ಅವರು ಹೊರಟುಹೋಗಬಹುದು. ಬಾಡಿಗೆ ನಿಲ್ಲುತ್ತದೆ, ಅಡ್ವಾನ್ಸು ವಾಪಸು ಕೊಡಬೇಕಾಗುತ್ತದೆ, ಮನೆ ರಿಪೇರಿಯ ಖರ್ಚು ತಲೆ ಮೇಲೆ ಕೂರುತ್ತದೆ. ಮೂರೂ ಒಂದೇ ತಿಂಗಳಲ್ಲಿ.

ಭೋಗ್ಯಕ್ಕೆ ಹಾಕಿದವರ ಗತಿ ಇನ್ನೂ ಕಷ್ಟ. ತಿಂಗಳ ಬಾಡಿಗೆ ಬೇಡವೆಂದು ಒಟ್ಟಿಗೆ 5 ಲಕ್ಷ ಪಡೆದು, ಮೂರು ವರ್ಷದ ನಂತರ ಅಷ್ಟನ್ನೂ ಹಿಂತಿರುಗಿಸುವ ಈ ಪದ್ಧತಿ ಮೈಸೂರು ಬೆಂಗಳೂರಿನಲ್ಲಿ ಚೆನ್ನಾಗಿ ಬೇರೂರಿದೆ. ಆ 5 ಲಕ್ಷ ಪೆಟ್ಟಿಗೆಯಲ್ಲಿ ಕೂತಿರುವುದಿಲ್ಲ. ಬೋರ್‌ವೆಲ್ಲಿಗೋ ಮಗಳ ಮದುವೆಗೋ ಹೋಗಿರುತ್ತದೆ. ಮನೆ ಸುಟ್ಟರೂ ಸಾಲ ಸುಡುವುದಿಲ್ಲ. ಭೋಗ್ಯದಲ್ಲಿರುವ ಬಡ ಕುಟುಂಬಕ್ಕೆ ಆ ದುಡ್ಡೇ ಬದುಕಿನ ಗಂಟು. ಮಾಲೀಕರ ಬಳಿ ಮನೆಯೂ ಇಲ್ಲ, ದುಡ್ಡೂ ಇಲ್ಲ ಎಂದಾದರೆ ಆ ಕುಟುಂಬ ಬೀದಿಗೆ ಬೀಳುತ್ತದೆ. ಆದ್ದರಿಂದ ಭೋಗ್ಯಕ್ಕೆ ಹಾಕಿದ ಮನೆಗೆ ಕಟ್ಟಡದ ವಿಮೆ ಮಾಡಿಸುವುದು ಮಾಲೀಕರು ಇನ್ನೊಬ್ಬರಿಗೆ ಸಲ್ಲಿಸಬೇಕಾದ ಕರ್ತವ್ಯ ಎಂದೇ ನಾನು ಹೇಳುತ್ತೇನೆ.

ಎರಡನೆಯ ಉತ್ತರ ಸರ್ಕಾರ. ‘ಮನೆ ಬಿದ್ದರೆ ಪರಿಹಾರ ಕೊಡುತ್ತಾರಲ್ಲ.’ ಕೊಡುತ್ತಾರೆ. ಎಷ್ಟು ಎಂದು ನೋಡಬೇಕು. 2022ರಿಂದ 2026ರವರೆಗಿನ ಅವಧಿಗೆ ಕೇಂದ್ರ ಗೊತ್ತುಮಾಡಿದ ವಿಪತ್ತು ಪರಿಹಾರದ ದರದಲ್ಲಿ ಪೂರ್ತಿ ಬಿದ್ದ ಮನೆಗೆ ಬಯಲಿನಲ್ಲಿ 1,20,000 ರೂಪಾಯಿ, ಗುಡ್ಡಗಾಡಿನಲ್ಲಿ 1,30,000 ರೂಪಾಯಿ. ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ. 2019ರ ಪ್ರವಾಹದ ನಂತರ ಕರ್ನಾಟಕ ಸರ್ಕಾರ ತನ್ನ ಕೈಯಿಂದ ಸೇರಿಸಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಕೊಟ್ಟದ್ದು ನಿಜ. ಅದು ಆ ಸರ್ಕಾರ ಆ ಹೊತ್ತಿಗೆ ಮಾಡಿದ ತೀರ್ಮಾನ. ಗಡಿಯಿಂದಾಚೆಯ ಗುಮಟಾಪುರಕ್ಕೆ ಅದು ಅನ್ವಯಿಸದು, ಕರ್ನಾಟಕದಲ್ಲೂ ಪ್ರತಿ ಸಲ ಸಿಗುವ ಹಕ್ಕಲ್ಲ. ಪರಿಹಾರ ತಕ್ಷಣದ ಸಂಕಟಕ್ಕೆ ಆಸರೆ. 16 ಲಕ್ಷದ ಮನೆಯನ್ನು ಮತ್ತೆ ಎಬ್ಬಿಸುವ ಶಕ್ತಿ ಅದಕ್ಕಿಲ್ಲ. ಬಾಡಿಗೆಯ ನಷ್ಟವನ್ನಂತೂ ಯಾವ ಸರ್ಕಾರವೂ ತುಂಬಿಕೊಡುವುದಿಲ್ಲ.

ಬೆಟ್ಟದ ಊರುಗಳಿಗೆ ಇನ್ನೊಂದು ಚಿಂತೆಯಿದೆ, ಆನೆ. ತಾಳವಾಡಿ, ಜೀರಹಳ್ಳಿ, ಹಾಸನೂರು ಕಾಡುಗಳು 2013ರಲ್ಲಿ ಘೋಷಣೆಯಾದ ಸತ್ಯಮಂಗಲಂ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿವೆ. ತೋಟಕ್ಕೆ ನುಗ್ಗುತ್ತಿದ್ದ ಕರುಪ್ಪನ್ ಎಂಬ ಸಲಗವನ್ನು 2023ರ ಏಪ್ರಿಲ್‌ನಲ್ಲಿ ಹಿಡಿದು ಸಾಗಿಸಿದ್ದನ್ನು ಈ ಭಾಗದವರು ಮರೆತಿಲ್ಲ. ಬಾಳೆ, ಕೋಸು, ರಾಗಿಗೆ ಬರುವ ಆನೆ ಗೋಡೆಗೆ ಬಂದರೆ ವಿಮೆ ಕೊಡುತ್ತದೆಯೇ? ಹಿಂದೆ ಬಳಕೆಯಲ್ಲಿದ್ದ ಪ್ರಮಾಣಿತ ಅಗ್ನಿ ಪಾಲಿಸಿಯಲ್ಲಿ ವಾಹನದ ಜೊತೆಗೆ, ಮಾಲೀಕರದಲ್ಲದ ಪ್ರಾಣಿ ಬಡಿದು ಆಗುವ ಹಾನಿ ಎಂದೂ ಬರೆದಿತ್ತು. ಈಗಿನ ಗೃಹ ರಕ್ಷಾ ಪಾಲಿಸಿ ವಾಹನ, ಬೀಳುವ ಮರ ಮುಂತಾದ ಹೊರಗಿನ ವಸ್ತು ಬಡಿದು ಆಗುವ ಹಾನಿ ಎನ್ನುತ್ತದೆ. ನಗರದಲ್ಲಿ ಕೂತವರಿಗೆ ಈ ವ್ಯತ್ಯಾಸ ಏನೂ ಅಲ್ಲ, ತಾಳವಾಡಿಯವರಿಗೆ ಅದೇ ಮುಖ್ಯ. ಇಲ್ಲಿಯ ಮಾಲೀಕರು ಹಣ ಕಟ್ಟುವ ಮೊದಲು ಕಾಡುಪ್ರಾಣಿ ಕೆಡವಿದ ಗೋಡೆಗೆ ರಕ್ಷಣೆಯಿದೆಯೇ ಎಂದು ಕೇಳಿ ಉತ್ತರವನ್ನು ಬರಹದಲ್ಲಿ ಪಡೆಯಬೇಕು. ಬಾಯಿಮಾತಿನ ಭರವಸೆ ಕ್ಲೇಮಿನ ದಿನ ಸಾಕ್ಷಿ ಹೇಳುವುದಿಲ್ಲ.

ಮೂರನೆಯ ಉತ್ತರ ಬಲವಾದದ್ದು: ‘ಕಂತು ಕಟ್ಟಿಸಿಕೊಳ್ಳುವಾಗ ನಗುತ್ತಾರೆ, ಕೊಡುವಾಗ ಕೊಸರುತ್ತಾರೆ.’ ಈ ಅನುಮಾನಕ್ಕೆ ಜನರ ಅನುಭವದ ಬೆಂಬಲವಿದೆ, ಅದನ್ನು ತಳ್ಳಿಹಾಕುವವನು ನಾನಲ್ಲ. ಮನೆ ವಿಮೆಯಲ್ಲಿ ಬಹುಕಾಲ ಕೊಸರಾಟಕ್ಕೆ ಕಾರಣವಾಗಿದ್ದುದು ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದೀರಿ ಎಂಬ ತಕರಾರು. 10 ಲಕ್ಷದ ಮನೆಗೆ 5 ಲಕ್ಷಕ್ಕೆ ವಿಮೆಯಿದ್ದರೆ 2 ಲಕ್ಷದ ಹಾನಿಗೆ 1 ಲಕ್ಷ ಮಾತ್ರ ಕೊಡುತ್ತಿದ್ದರು. ಗೃಹ ರಕ್ಷಾ ಪಾಲಿಸಿಯಲ್ಲಿ ಆ ಕಡಿತವನ್ನು ತೆಗೆದುಹಾಕಿದ್ದಾರೆ. ವಿಮೆಯ ಮೊತ್ತ ಪ್ರತಿ ವರ್ಷ ಶೇ. 10ರಂತೆ ತಾನಾಗಿಯೇ ಏರುತ್ತದೆ. ಅವಶೇಷ ತೆಗೆಸಲು ಕ್ಲೇಮಿನ ಶೇ. 2ರವರೆಗೆ, ಎಂಜಿನಿಯರರ ಶುಲ್ಕಕ್ಕೆ ಶೇ. 5ರವರೆಗೆ ಸೇರಿಸಿ ಕೊಡುತ್ತಾರೆ. ಮನೆ ಬಾಳಲು ಅಯೋಗ್ಯವಾಗಿದ್ದ ಅವಧಿಯ ಬಾಡಿಗೆ ನಷ್ಟಕ್ಕೂ ಇದರಲ್ಲೇ ಜಾಗವಿದೆ. ಬಾಡಿಗೆ ಮನೆಯವರಿಗೆ ಬಹಳ ಬೇಕಾದ ರಕ್ಷಣೆ ಇದೇ. ಆದರೆ ಬಹುಪಾಲು ಮಾಲೀಕರು ಅದನ್ನು ಕೇಳುವುದೇ ಇಲ್ಲ. ಅರ್ಜಿ ತುಂಬುವಾಗಲೇ ತಿಂಗಳ ಬಾಡಿಗೆಯನ್ನು ನಮೂದಿಸಬೇಕು. ತಕರಾರು ಬಂದರೆ ಮೊದಲು ಕಂಪನಿಗೆ ಬರಹದಲ್ಲಿ ದೂರು, ಅಲ್ಲಿ ನ್ಯಾಯ ಸಿಗದಿದ್ದರೆ ವಿಮಾ ಒಂಬುಡ್ಸ್‌ಮನ್. ತಮಿಳುನಾಡಿನವರಿಗೆ ಚೆನ್ನೈ, ಕರ್ನಾಟಕದವರಿಗೆ ಬೆಂಗಳೂರು. ವಕೀಲರು ಬೇಕಿಲ್ಲ, ಶುಲ್ಕವಿಲ್ಲ.

ವಿಮೆಯ ಮೊತ್ತ ನಿರ್ಧರಿಸುವಲ್ಲಿ ಆಗುವ ತಪ್ಪನ್ನು ಇಲ್ಲೇ ಹೇಳಬೇಕು. ಮೈಸೂರಿನ ಫ್ಲ್ಯಾಟಿಗೆ 60 ಲಕ್ಷ ಕೊಟ್ಟೆ, ಅಷ್ಟಕ್ಕೂ ವಿಮೆ ಬೇಕು ಎನ್ನುವವರಿದ್ದಾರೆ. ಆ 60 ಲಕ್ಷದಲ್ಲಿ ನೆಲದ ಬೆಲೆಯಿದೆ, ಬಿಲ್ಡರರ ಲಾಭವಿದೆ. ನೆಲ ಸುಡುವುದಿಲ್ಲ. ಒಳಗಿನ ವಿಸ್ತೀರ್ಣವನ್ನು ಇಂದಿನ ಕಟ್ಟುವ ಖರ್ಚಿನಿಂದ ಗುಣಿಸಿ ಬಂದ ಮೊತ್ತವೇ ವಿಮೆಯ ಮೊತ್ತ. ಈ ಲೆಕ್ಕದಲ್ಲಿ ಹೋದರೆ ವರ್ಷದ ಕಂತು ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆಯನ್ನೂ ಮುಟ್ಟುವುದಿಲ್ಲ. ಹತ್ತು ವರ್ಷದವರೆಗೆ ಒಟ್ಟಿಗೆ ಕಟ್ಟುವ ಅವಕಾಶವೂ ಇದೆ.

ಫ್ಲ್ಯಾಟಿನವರು ಇನ್ನೊಂದು ವಿಷಯ ವಿಚಾರಿಸಬೇಕು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಇಡೀ ಕಟ್ಟಡಕ್ಕೆ ವಿಮೆ ಮಾಡಿಸುವ ಅವಕಾಶವನ್ನು ಸಂಘಕ್ಕೆ ಕೊಟ್ಟಿದೆ. ಪ್ರತಿ ಮಾಲೀಕರು ತಮ್ಮ ಫ್ಲ್ಯಾಟಿಗೆ ಬೇರೆಯಾಗಿ ಮಾಡಿಸುವ ಹಕ್ಕನ್ನೂ ಉಳಿಸಿದೆ. ಸಂಘದ ಪಾಲಿಸಿ ಇದೆಯೇ, ಅದರಲ್ಲಿ ಫ್ಲ್ಯಾಟಿನ ಒಳಗೋಡೆ ಸೇರಿದೆಯೇ ಎಂದು ಮೊದಲು ತಿಳಿಯಬೇಕು. ಒಂದೇ ನಷ್ಟಕ್ಕೆ ಎರಡು ಕಡೆಯಿಂದ ಹಣ ಸಿಗುವುದಿಲ್ಲ. ಬ್ಯಾಂಕ್ ಸಾಲವಿದ್ದರೆ ಸಾಲದ ಜೊತೆಗೆ ಕೊಟ್ಟ ವಿಮೆ ಮನೆಯದೋ ಸಾಲಗಾರರ ಜೀವದ್ದೋ ಎಂದು ತೆರೆದು ನೋಡಬೇಕು. ಸಾಲ ತೀರಿಸುವ ಮೊದಲೇ ಗಂಡ ಸತ್ತರೆ ಉಳಿದ ಸಾಲ ತೀರುತ್ತದೆ ಎಂಬ ಪಾಲಿಸಿಯನ್ನು ಮನೆಯ ವಿಮೆ ಎಂದು ತಿಳಿದು ನಿಶ್ಚಿಂತರಾಗಿರುವ ಮನೆಗಳಿವೆ. ಅಂಥ ಪಾಲಿಸಿ ಬೆಂಕಿಗೆ ಕೊಡುವುದು ಸೊನ್ನೆ.

ಖರ್ಚಿನ ಬಗ್ಗೆ ಇನ್ನೆರಡು ಮಾತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆಗಳಿಗೆ ಜಿಎಸ್‌ಟಿ ಇಲ್ಲ. ಮನೆಯ ವಿಮೆಗೆ ಶೇ. 18 ಉಳಿದಿದೆ. ತಲೆಯ ಮೇಲಿನ ಸೂರಿನ ವಿಮೆಗೆ ಈ ತೆರಿಗೆ ಉಳಿಸಿಕೊಂಡದ್ದು ಸರಿಯಲ್ಲ, ಅದನ್ನೂ ತೆಗೆಯಬೇಕು. ಆದಾಯ ತೆರಿಗೆಯ ಲೆಕ್ಕದಲ್ಲಿ ಬಾಡಿಗೆಯಿಂದ ಮನೆ ಕಂದಾಯ ಕಳೆದು ಉಳಿದದ್ದರಲ್ಲಿ ಶೇ. 30ನ್ನು ಖರ್ಚಿನ ಬಾಬ್ತಿಗೆ ಬಿಡುತ್ತಾರೆ. ರಿಪೇರಿ, ವಿಮೆ ಎಲ್ಲ ಅದರಲ್ಲೇ ಬಂತು. ವಿಮೆಗೆಂದು ಬೇರೆ ರಿಯಾಯಿತಿ ಇಲ್ಲ, ಮಾಡಿಸದವರಿಗೂ ಶೇ. 30 ಸಿಗುತ್ತದೆ. ಅಂದರೆ ಮನೆಯನ್ನು ಕಾಯ್ದುಕೊಳ್ಳಲೆಂದು ಕಾನೂನು ಬಿಟ್ಟುಕೊಟ್ಟ ದುಡ್ಡು ಮಾಲೀಕರ ಕೈಯಲ್ಲಿ ಈಗಾಗಲೇ ಇದೆ.

ಕಟ್ಟಡದ ವಿಮೆ ಮಾಡಿಸಿದರೆ ಎಲ್ಲ ಮುಗಿಯಿತು ಎಂದು ನಾನು ಹೇಳುತ್ತಿಲ್ಲ. ಬಾಡಿಗೆ ಬಾಕಿ ಉಳಿಸಿ ಹೋದವರ ನಷ್ಟ ಅದರಲ್ಲಿಲ್ಲ. ಹಳೆಯದಾಗಿ ಸೋರುವ ತಾರಸಿಗೆ ಅದು ಹಣ ಕೊಡದು. ಸಜ್ಜೆ ಕಳಚಿ ಬಾಡಿಗೆದಾರರ ಮಗುವಿನ ಮೇಲೆ ಬಿದ್ದರೆ, ಅರ್ತಿಂಗ್ ಇಲ್ಲದ ಗೀಸರಿನಿಂದ ಯಾರಿಗಾದರೂ ಕರೆಂಟು ಹೊಡೆದರೆ ಆ ಹೊಣೆಯೂ ಮೂಲ ಪಾಲಿಸಿಯಲ್ಲಿ ಬರುವುದಿಲ್ಲ. ಹೊಣೆಗಾರಿಕೆಯ ರಕ್ಷಣೆಯನ್ನು ಹೆಚ್ಚುವರಿಯಾಗಿ ಕೇಳಬೇಕು. ಅದಕ್ಕಿಂತ ಮೊದಲು ಅರ್ತಿಂಗ್ ಹಾಕಿಸಬೇಕು, ಟ್ರಿಪ್ ಆಗುವ ಸ್ವಿಚ್ಚು ಕೂರಿಸಬೇಕು, ಬಿರುಕು ಬಿಟ್ಟ ಸಜ್ಜೆ ಕೆಡವಿ ಕಟ್ಟಿಸಬೇಕು. ತಮಿಳುನಾಡಿನ 2017ರ ಮನೆ ಮಾಲೀಕರು ಮತ್ತು ಬಾಡಿಗೆದಾರರ ಕಾಯ್ದೆಯ ಅನುಸೂಚಿ ಕೂಡ ಕಟ್ಟಡದ ರಚನೆಯ ರಿಪೇರಿ, ವೈರಿಂಗು, ಪೈಪುಗಳ ಬದಲಾವಣೆಯನ್ನು ಮಾಲೀಕರ ಪಾಲಿಗೂ, ಸ್ವಿಚ್ಚು, ನಲ್ಲಿಯ ವಾಷರಿನಂಥ ಸಣ್ಣ ರಿಪೇರಿಯನ್ನು ಬಾಡಿಗೆದಾರರ ಪಾಲಿಗೂ ಹಂಚಿದೆ. ಆ ಹಂಚಿಕೆ ಬುದ್ಧಿವಂತಿಕೆಯದು. ವಿಮೆಗೂ ಅದೇ ಹಂಚಿಕೆ ಸಲ್ಲಬೇಕು: ರಚನೆ ಯಾರದೋ ರಚನೆಯ ವಿಮೆ ಅವರದು, ಸಾಮಾನು ಯಾರದೋ ಸಾಮಾನಿನ ವಿಮೆ ಅವರದು.

ಇಲ್ಲಿಗೆ ಬಂದಾಗ ನನ್ನನ್ನು ಹೆಚ್ಚು ಕಾಡುವುದು ಬಾಡಿಗೆದಾರರ ಸ್ಥಿತಿ. ಮಾಲೀಕರಿಗೆ ಮನೆ ಹೋದರೂ ನೆಲ ಉಳಿಯುತ್ತದೆ. ಬಾಡಿಗೆದಾರರ ಆಸ್ತಿಯೆಲ್ಲ ಆ ಎರಡು ಕೋಣೆಯೊಳಗೇ ಇರುತ್ತದೆ: ಕಂತಿನಲ್ಲಿ ಕೊಂಡ ಫ್ರಿಜ್ಜು, ಹೊಲಿಗೆ ಯಂತ್ರ, ಮಕ್ಕಳ ಪುಸ್ತಕ, ಅಂಕಪಟ್ಟಿ. ಮನೆಗೆ ವಿಮೆಯಿದೆ ಎಂದು ಮಾಲೀಕರು ಹೇಳಿದರೆ ತಮ್ಮ ಸಾಮಾನಿಗೂ ಇದೆ ಎಂದು ಅವರು ನಂಬುತ್ತಾರೆ. ಆ ನಂಬಿಕೆ ಸುಳ್ಳೆಂದು ತಿಳಿಯುವುದು ಬೂದಿಯ ಮುಂದೆ ನಿಂತಾಗ. ಸಾಮಾನಿಗೆ ಮಾತ್ರ ಪಾಲಿಸಿ ಕೊಳ್ಳುವ ಅವಕಾಶ ಬಾಡಿಗೆದಾರರಿಗೆ ಇದೆ ಎಂಬುದನ್ನು ಅವರಿಗೆ ತಿಳಿಸಬೇಕಾದವರು ಯಾರು? ಪಾಲಿಸಿ ಮಾರುವವರು ಮನೆ ಮಾಲೀಕರ ಬಾಗಿಲಿಗೆ ಬರುತ್ತಾರೆ, ಕೂಲಿಯ ಬಾಡಿಗೆದಾರರ ಬಾಗಿಲಿಗೆ ಬರುವುದಿಲ್ಲ. ಕೀಲಿಕೈ ಕೊಡುವ ದಿನ ಮಾಲೀಕರೇ ಹೇಳಬೇಕು.

ಹೇಳಿದ್ದನ್ನು ಕರಾರಿನಲ್ಲಿ ಬರೆಯಬೇಕು. ‘ಕಟ್ಟಡಕ್ಕೂ ಅದಕ್ಕೆ ಕೂರಿಸಿದ ಜೋಡಣೆಗಳಿಗೂ ಮಾಲೀಕರು ವಿಮೆ ಮಾಡಿಸಿರುತ್ತಾರೆ. ಬಾಡಿಗೆದಾರರ ಸಾಮಾನು ಆ ವಿಮೆಯಲ್ಲಿ ಸೇರಿಲ್ಲ. ಮನೆ ಬಾಳಲು ಅಯೋಗ್ಯವಾದ ದಿನದಿಂದ ಬಾಡಿಗೆ ಇಲ್ಲ. ಅಡ್ವಾನ್ಸು ಇಂತಿಷ್ಟು ದಿನದಲ್ಲಿ ವಾಪಸು.’ ಇಷ್ಟು ಸಾಲು ಕನ್ನಡದಲ್ಲೋ ತಮಿಳಿನಲ್ಲೋ, ಇಬ್ಬರಿಗೂ ಓದಲು ಬರುವ ಭಾಷೆಯಲ್ಲಿ ಇರಲಿ. ಮಾಲೀಕರ ಫ್ಯಾನು, ಗೀಸರು ಎಷ್ಟಿವೆ ಎಂದು ಒಂದು ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಲಿ, ಫೋಟೊ ತೆಗೆದಿಡಲಿ. ಮನೆ ಬಾಡಿಗೆಗೆ ಕೊಟ್ಟಿದೆ ಎಂಬುದನ್ನು ವಿಮಾ ಕಂಪನಿಗೆ ಮುಚ್ಚಿಡದೆ ತಿಳಿಸಬೇಕು. ತಿಂಗಳುಗಟ್ಟಲೆ ಬೀಗ ಹಾಕಿಡುವ ಹಾಗಿದ್ದರೆ ಅದನ್ನೂ ತಿಳಿಸಬೇಕು. ಮುಚ್ಚಿಟ್ಟ ಒಂದು ಸಂಗತಿ ಹತ್ತು ವರ್ಷದ ಕಂತನ್ನು ನೀರುಪಾಲು ಮಾಡಬಲ್ಲದು.

ಖಾಲಿ ಮನೆಗೆ ಸಾಮಾನಿನ ವಿಮೆ ಬೇಕೇ ಎಂದರೆ ಬೇಡ ಎಂದು ಧೈರ್ಯವಾಗಿ ಹೇಳಿ, ಯಾರು ಒತ್ತಾಯಿಸಿದರೂ ಕೊಳ್ಳಬೇಡಿ. ಉಳಿದ ದುಡ್ಡಿನಲ್ಲಿ ಕಟ್ಟಡಕ್ಕೆ, ಬಾಡಿಗೆ ನಷ್ಟಕ್ಕೆ, ಹೊಣೆಗಾರಿಕೆಗೆ ರಕ್ಷಣೆ ಪಡೆಯಿರಿ. ಬಾಡಿಗೆ ತೆಗೆದುಕೊಳ್ಳುವವರು ಆ ಮನೆಯನ್ನು ಮತ್ತೆ ಎಬ್ಬಿಸಿ ನಿಲ್ಲಿಸುವ ಶಕ್ತಿಯನ್ನೂ, ಇನ್ನೊಬ್ಬರ ಅಡ್ವಾನ್ಸನ್ನು ಹಿಂತಿರುಗಿಸುವ ಶಕ್ತಿಯನ್ನೂ ಇಟ್ಟುಕೊಂಡಿರಲೇಬೇಕು. ಆ ಶಕ್ತಿ ಬ್ಯಾಂಕಿನಲ್ಲಿಲ್ಲದ ನಮ್ಮಂಥ ಊರುಗಳ ಸಣ್ಣ ಮಾಲೀಕರಿಗೆ ಅದು ವರ್ಷಕ್ಕೆ ಒಂದು ತಿಂಗಳ ಬಾಡಿಗೆಗಿಂತ ಕಡಿಮೆ ಬೆಲೆಗೆ ಸಿಗುತ್ತಿರುವಾಗ, ಬೇಡ ಎನ್ನಲು ಒಪ್ಪಬಹುದಾದ ಕಾರಣ ಯಾವುದೂ ಉಳಿದಿಲ್ಲ.